ಜ್ಯೂರಿ ಸಮನ್ಸ್ ಬಂದಿದೆ, ಹೋಗಬೇಕೇ? ಅಮೆರಿಕದ ಜೈಲುಗಳು ಮತ್ತು ಆ ಹನ್ನೆರಡು ಕುರ್ಚಿಗಳು

ಪ್ರಶ್ನೆ: ನಾವು ಹಾಸನದವರು. ಹದಿನೆಂಟು ವರ್ಷದಿಂದ ಅಮೆರಿಕದ ಶಾರ್ಲೆಟ್‌ನಲ್ಲಿದ್ದೇವೆ. ಕಳೆದ ವರ್ಷ ಪೌರತ್ವ ಸಿಕ್ಕಿತು. ಈಗ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನಿಂದ ನನ್ನ ಹೆಸರಿಗೆ ಜ್ಯೂರಿ ಸಮನ್ಸ್ ಬಂದಿದೆ. ಪರಿಚಯದವರೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಿ ಅನ್ನುತ್ತಾರೆ. ಕಾಲೇಜಿನಲ್ಲಿರುವ ಮಗಳು ಮಾತ್ರ, ‘ಈ ದೇಶದ ಜೈಲುಗಳಲ್ಲಿ ಕಪ್ಪು ಜನರೇ ತುಂಬಿದ್ದಾರೆ, ನೀನು ಹೋಗಿ ಕೂರಲೇಬೇಕಮ್ಮ’ ಎಂದು ಹಟ ಹಿಡಿದಿದ್ದಾಳೆ. ಜೈಲು ತುಂಬಿರುವುದಕ್ಕೂ ನನ್ನ ಸಮನ್ಸಿಗೂ ಏನು ಸಂಬಂಧ? ಅಪರಾಧ ಹೆಚ್ಚು ಮಾಡಿದವರು ಹೆಚ್ಚು ಜೈಲಿಗೆ ಹೋಗುತ್ತಾರೆ, ಅಷ್ಟೇ ಅಲ್ಲವೇ? ಅಲ್ಲಿ ಏನು ಕೇಳುತ್ತಾರೆ, ನಾನೇನು ಮಾಡಬೇಕು?

ಉತ್ತರ: ಮಗಳ ಮಾತು ಕೇಳಿ, ಹೋಗಿ. ಯಾಕೆ ಎನ್ನುವುದಕ್ಕೆ ಉತ್ತರ ಸ್ವಲ್ಪ ಉದ್ದವಿದೆ. ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ ಕ್ರಿಮಿನಲ್ ಜ್ಯೂರಿ ಪೂರ್ತಿ ಇಲ್ಲವಾಯಿತು. ಹಾಗಾಗಿ ಅಲ್ಲಿ ಬೆಳೆದವರಿಗೆ ಈ ವ್ಯವಸ್ಥೆಯ ಒಳಹೊರಗು ಗೊತ್ತಿರುವುದಿಲ್ಲ. ಜ್ಯೂರಿ ಎಂದರೆ ಸಾಕ್ಷ್ಯ ಕೇಳಿ ಆರೋಪಿ ದೋಷಿಯೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಮಂದಿ ಸಾಮಾನ್ಯ ಪೌರರು.

ಮೊದಲು ಜೈಲಿನ ಲೆಕ್ಕ. 1970ರ ದಶಕದ ಆರಂಭದಲ್ಲಿ ಅಮೆರಿಕದ ರಾಜ್ಯ ಮತ್ತು ಫೆಡರಲ್ ಸೆರೆಮನೆಗಳಲ್ಲಿ ಸುಮಾರು 2 ಲಕ್ಷ ಜನ ಇದ್ದರು. 2009ರ ಹೊತ್ತಿಗೆ ಅದು 16 ಲಕ್ಷ ದಾಟಿತು. ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಜೈಲುಗಳಲ್ಲಿ ಇದ್ದವರನ್ನೂ ಸೇರಿಸಿದರೆ 23 ಲಕ್ಷದ ಹತ್ತಿರ. ಅದೇ ಅವಧಿಯಲ್ಲಿ ದೇಶದ ಜನಸಂಖ್ಯೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗಲಿಲ್ಲ. ಈಚೆಗೆ ಸಂಖ್ಯೆ ಇಳಿದು 20 ಲಕ್ಷದ ಒಳಗೆ ಬಂದಿದೆ. ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ನೂರಕ್ಕೆ 14ರ ಆಸುಪಾಸು, ಸೆರೆಮನೆಯಲ್ಲಿ ಮೂರರಲ್ಲಿ ಒಂದು ಪಾಲು. 2000ದಲ್ಲಿ ಬಿಳಿಯರಿಗಿಂತ 8 ಪಟ್ಟು ಹೆಚ್ಚಿನ ದರದಲ್ಲಿ ಅವರು ರಾಜ್ಯಗಳ ಸೆರೆಮನೆಗಳಲ್ಲಿದ್ದರು, 2020ಕ್ಕೆ ಅದು 5 ಪಟ್ಟಿಗೆ ಇಳಿಯಿತು. ಇಳಿದಿದೆ ಎನ್ನುವುದೂ ನಿಜ, 5 ಪಟ್ಟು ಎನ್ನುವುದೂ ನಿಜ.

ಅಪರಾಧ ಹೆಚ್ಚು ಮಾಡಿದವರು ಹೆಚ್ಚು ಒಳಗೆ ಹೋಗುತ್ತಾರೆ ಎಂಬ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಕೊಲೆ, ದರೋಡೆಯಂಥ ಹಿಂಸೆಯ ಅಪರಾಧಗಳಲ್ಲಿ ಬಂಧಿತರ ದರದಲ್ಲಿ ವ್ಯತ್ಯಾಸ ಇದ್ದೇ ಇದೆ. ತಲೆಮಾರುಗಟ್ಟಲೆ ಒಂದೇ ಕೇರಿಗೆ ದೂಡಲ್ಪಟ್ಟ ಬಡತನದ ಜೊತೆ ಅದು ಬೆಸೆದುಕೊಂಡಿದೆ. ಮಾದಕ ವಸ್ತುವಿನ ಕೇಸುಗಳಲ್ಲಿ ಆ ವಾದ ನಿಲ್ಲುವುದಿಲ್ಲ. ಗಾಂಜಾ ಸೇದುವ ಪ್ರಮಾಣ ಎರಡೂ ಜನಾಂಗಗಳಲ್ಲಿ ಹೆಚ್ಚುಕಡಿಮೆ ಒಂದೇ. ಆದರೂ ಗಾಂಜಾ ಇಟ್ಟುಕೊಂಡಿದ್ದಕ್ಕೆ ಕಪ್ಪು ವರ್ಣೀಯರು ಬಂಧನಕ್ಕೆ ಒಳಗಾಗುವ ಸಾಧ್ಯತೆ ಬಿಳಿಯರಿಗಿಂತ ಮೂರೂವರೆ ಪಟ್ಟು ಹೆಚ್ಚು ಎಂದು ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘಟನೆ ಎಸಿಎಲ್‌ಯು 2020ರಲ್ಲಿ ಲೆಕ್ಕ ಹಾಕಿ ತೋರಿಸಿತು. ಪೊಲೀಸರು ಎಲ್ಲಿ ಹುಡುಕುತ್ತಾರೋ ಅಲ್ಲೇ ಸಿಗುತ್ತದೆ.

ಬಂಧನವಾದ ಮೇಲೆ ಶಿಕ್ಷೆಯ ತಕ್ಕಡಿ ನೋಡಿ. 1986ರ ಫೆಡರಲ್ ಕಾನೂನಿನ ಪ್ರಕಾರ ಪುಡಿ ಕೊಕೇನ್ 500 ಗ್ರಾಂ ಮಾರಿದರೆ ಕನಿಷ್ಠ 5 ವರ್ಷ. ಅದೇ ಕೊಕೇನನ್ನು ಅಡುಗೆ ಸೋಡಾ, ನೀರು ಹಾಕಿ ಕಾಯಿಸಿ ಹರಳು ಮಾಡಿದರೆ ಅದರ ಹೆಸರು ಕ್ರ್ಯಾಕ್, ಅದಕ್ಕೆ 5 ಗ್ರಾಂ ಸಾಕು, ಅದೇ 5 ವರ್ಷ. ಐದು ಗ್ರಾಂ ಎಂದರೆ ಅರ್ಧ ತೊಲವೂ ಆಗುವುದಿಲ್ಲ. ಪುಡಿ ಹೆಚ್ಚಾಗಿ ದುಡ್ಡಿದ್ದವರ ಕೈಯಲ್ಲಿ, ಕ್ರ್ಯಾಕ್ ಬಡವರ ಬೀದಿಯಲ್ಲಿ. ಫೆಡರಲ್ ಕೋರ್ಟಿನಲ್ಲಿ ಕ್ರ್ಯಾಕ್‌ಗಾಗಿ ಶಿಕ್ಷೆಯಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಕಪ್ಪು ವರ್ಣೀಯರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎನ್ನುವುದನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟ ಕಾನೂನು ಇದು. 24 ವರ್ಷ ಹೀಗೇ ನಡೆಯಿತು. 2010ರಲ್ಲಿ 5 ಗ್ರಾಂ ಅನ್ನು 28 ಗ್ರಾಂಗೆ ಏರಿಸಿದರು, ಅಂದರೆ ನೂರು ಪಟ್ಟಿದ್ದ ಅಂತರ ಹದಿನೆಂಟು ಪಟ್ಟಾಯಿತು. ಹಳೆಯ ಲೆಕ್ಕದಲ್ಲಿ ಒಳಗೆ ಹೋದವರು ಶಿಕ್ಷೆ ತಗ್ಗಿಸಿ ಎಂದು ಕೇಳಲು 2018ರ ಇನ್ನೊಂದು ಕಾನೂನು ಬರಬೇಕಾಯಿತು. ಈ 28 ಗ್ರಾಂ ನೆನಪಿಟ್ಟುಕೊಳ್ಳಿ, ಅದು ನಿಮ್ಮ ಮೇಜಿನ ಮೇಲೆ ಬರಬಹುದು.

ಇಷ್ಟೊಂದು ಜನರಲ್ಲಿ ಜ್ಯೂರಿಯ ಮುಂದೆ ಬರುವವರು ಎಷ್ಟು? ಫೆಡರಲ್ ಕ್ರಿಮಿನಲ್ ಕೇಸುಗಳಲ್ಲಿ 2018ರಲ್ಲಿ ನೂರಕ್ಕೆ ಇಬ್ಬರು ಮಾತ್ರ. ತೊಂಬತ್ತು ಮಂದಿ ತಪ್ಪೊಪ್ಪಿಕೊಂಡರು, ಉಳಿದವರ ಕೇಸು ಬಿದ್ದುಹೋಯಿತು. ಒಪ್ಪಿಕೊಂಡವರೆಲ್ಲ ನಿಜವಾಗಿ ತಪ್ಪಿತಸ್ಥರೇ ಎಂದು ತಿಳಿಯಬೇಡಿ. ಇಲ್ಲಿ ಚೌಕಾಸಿ ನಡೆಯುತ್ತದೆ. ಕೆಂಟಕಿಯ ಪಾಲ್ ಹೇಯ್ಸ್ ಎಂಬಾತನ ಮೇಲೆ 88 ಡಾಲರ್ 30 ಸೆಂಟಿನ ಖೋಟಾ ಚೆಕ್ಕಿನ ಆರೋಪವಿತ್ತು. ಒಪ್ಪಿಕೊಂಡರೆ 5 ವರ್ಷ ಕೇಳುತ್ತೇನೆ, ಇಲ್ಲವಾದರೆ ಹಳೆಯ ಕೇಸುಗಳನ್ನೆಲ್ಲ ಎಳೆದು ರೂಢಿಗತ ಅಪರಾಧಿ ಎಂದು ಸಾಬೀತು ಮಾಡುತ್ತೇನೆ ಎಂದ ಸರ್ಕಾರಿ ವಕೀಲ. ಹೇಯ್ಸ್ ಒಪ್ಪಲಿಲ್ಲ, ವಿಚಾರಣೆಗೆ ಹೋದ, ಜೀವಾವಧಿಯಾಯಿತು. 1978ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಇದು ತಪ್ಪಲ್ಲ ಎಂದಿತು. ಹಾಗಾಗಿ ನಿಮ್ಮೆದುರು ಆರೋಪಿಯ ಕುರ್ಚಿಯಲ್ಲಿ ಕೂತವರು ಈ ಬೆದರಿಕೆಯ ನಡುವೆಯೂ ವಿಚಾರಣೆ ಬೇಕು ಎಂದವರು. ಅವರಿಗೆ ಉಳಿದಿರುವುದು ಆ ಹನ್ನೆರಡು ಮಂದಿ.

ಆ ಹನ್ನೆರಡು ಮಂದಿ ಯಾರು ಎನ್ನುವುದರ ಮೇಲೆ ತೀರ್ಪು ಎಷ್ಟು ನಿಂತಿದೆ ಎನ್ನುವುದಕ್ಕೆ ಗಟ್ಟಿಯಾದ ಅಧ್ಯಯನವೇ ಇದೆ. ಫ್ಲಾರಿಡಾದ ಎರಡು ಕೌಂಟಿಗಳಲ್ಲಿ 2000ದಿಂದ 2010ರವರೆಗೆ ನಡೆದ 700ಕ್ಕೂ ಹೆಚ್ಚು ವಿಚಾರಣೆಗಳನ್ನು ಅರ್ಥಶಾಸ್ತ್ರಜ್ಞರು ನೋಡಿದರು. ಆಯ್ಕೆಗೆ ಕರೆದ ಗುಂಪಿನಲ್ಲಿ ಒಬ್ಬರೂ ಕಪ್ಪು ವರ್ಣೀಯರು ಇಲ್ಲದಾಗ ಕಪ್ಪು ಆರೋಪಿಗಳಲ್ಲಿ ನೂರಕ್ಕೆ 81 ಮಂದಿಗೆ, ಬಿಳಿ ಆರೋಪಿಗಳಲ್ಲಿ 66 ಮಂದಿಗೆ ಶಿಕ್ಷೆ. ಗುಂಪಿನಲ್ಲಿ ಒಬ್ಬರಾದರೂ ಇದ್ದಾಗ 71 ಮತ್ತು 73. ಅವರು ಕೊನೆಗೆ ಜ್ಯೂರಿಗೆ ಆಯ್ಕೆಯಾಗಬೇಕೆಂದೂ ಇಲ್ಲ, ಕರೆದ ಗುಂಪಿನಲ್ಲಿದ್ದರೆ ಸಾಕಿತ್ತು.

ಆ ಗುಂಪಿಗೇ ಅವರು ಯಾಕೆ ಬರುವುದಿಲ್ಲ? ಸಮನ್ಸ್ ಹೋಗುವುದು ಮತದಾರರ ಪಟ್ಟಿ ಮತ್ತು ಎಷ್ಟೋ ಕಡೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ಬಡವರ ಕಾಗದ ವಿಳಾಸ ಸಿಗದೆ ವಾಪಸಾಗುತ್ತದೆ. ಫೆಡರಲ್ ಕೋರ್ಟ್ ದಿನಕ್ಕೆ 50 ಡಾಲರ್ ಕೊಡುತ್ತದೆ, ರಾಜ್ಯದ ಕೋರ್ಟುಗಳಲ್ಲಿ ಇನ್ನೂ ಕಡಿಮೆ ಸಿಗುವುದುಂಟು. ದಿನಗೂಲಿಯವರು ಹೇಗೆ ಬರುತ್ತಾರೆ? ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧದಲ್ಲಿ ದೋಷಿಯಾಗಿ, ನಾಗರಿಕ ಹಕ್ಕು ಮರಳಿ ಸಿಗದಿದ್ದರೆ ಫೆಡರಲ್ ಜ್ಯೂರಿಯಲ್ಲಿ ಕೂರುವಂತಿಲ್ಲ. 2010ರ ಅಂದಾಜಿನಂತೆ ಇಂಥ ಗಂಭೀರ ಅಪರಾಧದ ದಾಖಲೆ ದೇಶದ ಒಟ್ಟು ವಯಸ್ಕರಲ್ಲಿ ನೂರಕ್ಕೆ 8 ಮಂದಿಗಿತ್ತು, ಕಪ್ಪು ಗಂಡಸರಲ್ಲಿ 33 ಮಂದಿಗೆ. ಜೈಲು ತುಂಬಿದಷ್ಟೂ ಜ್ಯೂರಿ ಪಟ್ಟಿಯಿಂದ ಅವರ ಹೆಸರು ಅಳಿಯುತ್ತದೆ. ಪಟ್ಟಿಯಿಂದ ಅಳಿದಷ್ಟೂ ಜೈಲು ತುಂಬುತ್ತದೆ. ನಿಮ್ಮ ಸಮನ್ಸಿಗೂ ಜೈಲಿಗೂ ಇರುವ ಸಂಬಂಧ ಇದೇ.

ಇನ್ನು ಗುಂಪಿಗೆ ಬಂದವರನ್ನು ಹೊರಗೆ ಹಾಕುವ ವಿದ್ಯೆ. ಆಯ್ಕೆಯ ದಿನ ನ್ಯಾಯಾಧೀಶರು, ಕೆಲವೆಡೆ ವಕೀಲರೂ, ನಿಮ್ಮನ್ನು ಪ್ರಶ್ನಿಸುತ್ತಾರೆ. ಆರೋಪಿ ನಿಮ್ಮ ನೆಂಟನಾಗಿದ್ದರೆ, ಅಥವಾ ನಿಷ್ಪಕ್ಷಪಾತವಾಗಿ ಇರಲಾರೆ ಎಂದು ನೀವೇ ಹೇಳಿದರೆ, ಕಾರಣ ಕೊಟ್ಟು ಕೈಬಿಡುತ್ತಾರೆ. ಇದಕ್ಕೆ ಮಿತಿಯಿಲ್ಲ. ಅದಲ್ಲದೆ ಕಾರಣ ಹೇಳದೆಯೇ ಕೆಲವರನ್ನು ಹೊರಗೆ ಕಳಿಸುವ ಹಕ್ಕು ಎರಡೂ ಕಡೆಯವರಿಗೆ ಇದೆ. ಫೆಡರಲ್ ಕೋರ್ಟಿನ ಗಂಭೀರ ಕೇಸಿನಲ್ಲಿ ಸರ್ಕಾರಕ್ಕೆ 6, ಆರೋಪಿಗೆ 10, ಮರಣದಂಡನೆಯ ಕೇಸಾದರೆ ಇಬ್ಬರಿಗೂ ತಲಾ 20. ಜನಾಂಗ ನೋಡಿ ಹೊರಗೆ ಹಾಕುವ ಹಾಗಿಲ್ಲ ಎಂದು 1986ರಲ್ಲಿ ಬ್ಯಾಟ್ಸನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ಮೆಟ್ಟಿಲು: ಸಂಶಯಕ್ಕೆ ಆಧಾರ ಇದೆ ಎಂದು ಎದುರು ಪಕ್ಷ ತೋರಿಸಬೇಕು, ಆಮೇಲೆ ಹೊರಹಾಕಿದವರು ಜನಾಂಗಕ್ಕೆ ಸಂಬಂಧಿಸದ ಕಾರಣ ಕೊಡಬೇಕು, ಆ ಕಾರಣ ನಿಜವೋ ನೆಪವೋ ಎಂದು ನ್ಯಾಯಾಧೀಶರು ತೀರ್ಮಾನಿಸಬೇಕು.

ಕೈಕೊಡುವುದು ಎರಡನೇ ಮೆಟ್ಟಿಲು. ಕಾರಣ ಸಮಂಜಸವಾಗಿರಬೇಕು ಎಂದೇನೂ ಇಲ್ಲ. ಉದ್ದ ಕೂದಲು, ಗಡ್ಡ ಇತ್ತು ಎಂಬ ಕಾರಣವೂ ಈ ಮೆಟ್ಟಿಲಿಗೆ ಸಾಕು ಎಂದು 1995ರಲ್ಲಿ ಅದೇ ಕೋರ್ಟ್ ಹೇಳಿತು. ನೆಂಟರೊಬ್ಬರು ಜೈಲಿನಲ್ಲಿದ್ದಾರೆ, ಪೊಲೀಸರ ಮೇಲೆ ನಂಬಿಕೆ ಕಡಿಮೆ, ಇರುವ ಬೀದಿ ಸರಿಯಿಲ್ಲ ಎಂಬ ಕಾರಣಗಳು ಕೇಳಲು ಸಹಜ, ಹೋಗಿ ಬೀಳುವುದು ಮಾತ್ರ ಕಪ್ಪು ವರ್ಣೀಯರ ತಲೆಯ ಮೇಲೇ. ಜಾರ್ಜಿಯಾದ ಒಂದು ಕೊಲೆ ಕೇಸಿನಲ್ಲಿ 1987ರಲ್ಲಿ ಆಯ್ಕೆ ನಡೆದಾಗ ಸರ್ಕಾರಿ ವಕೀಲರು ಇಟ್ಟುಕೊಂಡಿದ್ದ ಪಟ್ಟಿ ಎಷ್ಟೋ ವರ್ಷದ ಮೇಲೆ ಹೊರಬಂತು. ಕಪ್ಪು ವರ್ಣೀಯರ ಹೆಸರುಗಳ ಮೇಲೆಲ್ಲ ಹಸಿರು ಬಣ್ಣ ಬಳಿದು ಪಕ್ಕದಲ್ಲಿ ‘ಬಿ’ (ಬ್ಲ್ಯಾಕ್) ಎಂದು ಬರೆದಿತ್ತು. ಆ ಕೇಸಿನ, ಫಾಸ್ಟರ್ ವಿರುದ್ಧ ಚಾಟ್‌ಮನ್, ತೀರ್ಪನ್ನು ಸುಪ್ರೀಂ ಕೋರ್ಟ್ ತಿರುಗಿಸಿದ್ದು 2016ರಲ್ಲಿ.

ಎಲ್ಲರೂ ಓದಬೇಕಾದದ್ದು ಮಿಸಿಸಿಪಿಯ ಕರ್ಟಿಸ್ ಫ್ಲವರ್ಸ್ ಕೇಸು. 1996ರಲ್ಲಿ ವಿನೋನಾ ಎಂಬ ಸಣ್ಣ ಊರಿನ ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಫ್ಲವರ್ಸ್ ಮೇಲೆ ಒಂದೇ ಆರೋಪಕ್ಕೆ ಒಬ್ಬರೇ ಸರ್ಕಾರಿ ವಕೀಲರು ಆರು ಸಲ ವಿಚಾರಣೆ ನಡೆಸಿದರು. ಆರೂ ಸಲ ಸೇರಿ, ತೆಗೆದುಹಾಕಲು ಅವಕಾಶವಿದ್ದ 42 ಕಪ್ಪು ವರ್ಣೀಯರಲ್ಲಿ 41 ಮಂದಿಯನ್ನು ತೆಗೆದುಹಾಕಿದರು. ನಾಲ್ಕನೇ ಸಲ ಕಾರಣ ಹೇಳದೆ ತೆಗೆಯುವ ಪಾಲು ಮುಗಿದುಹೋಗಿ ಜ್ಯೂರಿಯಲ್ಲಿ ಐವರು ಕಪ್ಪು ಸದಸ್ಯರು ಉಳಿದುಕೊಂಡರು. ಆ ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆರನೇ ಸಲ, 2010ರಲ್ಲಿ, ಹೊರಹಾಕಿದ ಐವರು ಕಪ್ಪು ವರ್ಣೀಯರಿಗೆ ಕೇಳಿದ್ದು 145 ಪ್ರಶ್ನೆ. ಆಯ್ಕೆಯಾದ ಹನ್ನೊಂದು ಮಂದಿ ಬಿಳಿಯರೆಲ್ಲರಿಗೂ ಸೇರಿ ಕೇಳಿದ್ದು 12. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಪರಿಚಯ, ಆದರೆ ಯಾರು ಯಾರಿಗೆ ಗೊತ್ತು ಎಂದು ಕೆದಕಿ ಕೆದಕಿ ಕೇಳಿದ್ದು ಒಂದು ಬಣ್ಣದವರನ್ನು ಮಾತ್ರ. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಆ ತೀರ್ಪನ್ನು ರದ್ದು ಮಾಡಿತು, 2020ರಲ್ಲಿ ಆರೋಪಗಳನ್ನೇ ಕೈಬಿಟ್ಟರು. ಅಷ್ಟರಲ್ಲಿ ಅವರ ಆಯುಷ್ಯದ 23 ವರ್ಷಕ್ಕೆ ಸ್ವಲ್ಪ ಕಡಿಮೆ ಒಳಗೇ ಕಳೆದಿತ್ತು.

ಕೆಲವು ರಾಜ್ಯಗಳು ಎಚ್ಚೆತ್ತಿವೆ. ಮೇಲೆ ಹೇಳಿದಂಥ ನೆಪಗಳನ್ನು ಮೊದಲೇ ಪಟ್ಟಿ ಮಾಡಿ ಸಲ್ಲದು ಎಂದ ನಿಯಮ ವಾಷಿಂಗ್ಟನ್ ರಾಜ್ಯದಲ್ಲಿ 2018ರಲ್ಲಿ ಬಂತು, ಕ್ಯಾಲಿಫೋರ್ನಿಯಾದ ಕ್ರಿಮಿನಲ್ ಕೇಸುಗಳಲ್ಲಿ 2022ರಿಂದ. ಅರಿಜೋನಾ ಅದೇ ವರ್ಷ ಕಾರಣ ಹೇಳದೆ ಹೊರಹಾಕುವ ಹಕ್ಕನ್ನೇ ಕಿತ್ತುಹಾಕಿತು. ನನಗೆ ಸರಿ ಎನಿಸುವುದು ಅರಿಜೋನಾದ ದಾರಿ. ನಿಮ್ಮದು ಫೆಡರಲ್ ಕೋರ್ಟಾದ್ದರಿಂದ ಅಲ್ಲಿ ನಡೆಯುವುದು ಬ್ಯಾಟ್ಸನ್ನಿನ ಹಳೆಯ ಮೂರು ಮೆಟ್ಟಿಲೇ.

ಈಗ ನಿಮ್ಮ ಕೈಯಲ್ಲಿರುವ ಕಾಗದಕ್ಕೆ ಬರೋಣ. ಮೊದಲು ಅದು ಯಾವ ಜ್ಯೂರಿ ನೋಡಿ. ‘ಗ್ರ್ಯಾಂಡ್ ಜ್ಯೂರಿ’ ಎಂದಿದ್ದರೆ ಬೇರೆಯೇ ಕೆಲಸ: 16ರಿಂದ 23 ಮಂದಿ ಕೂರುತ್ತಾರೆ, ತಿಂಗಳುಗಟ್ಟಲೆ ಆಗಾಗ ಹೋಗಬೇಕು, ಸರ್ಕಾರಿ ವಕೀಲರ ಕಡೆಯ ಮಾತು ಮಾತ್ರ ಕೇಳುತ್ತೀರಿ, 12 ಮತ ಬಿದ್ದರೆ ಆರೋಪಪಟ್ಟಿ ಹೊರಡುತ್ತದೆ. ನ್ಯಾಯಾಧೀಶರೂ ಆರೋಪಿ ಪರ ವಕೀಲರೂ ಒಳಗಿರುವುದಿಲ್ಲ. ಅಲ್ಲಿ ಸಾಕ್ಷಿಗೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ, ಬಳಸಿಕೊಳ್ಳಿ.

ಅರ್ಹತೆಯ ನಮೂನೆಯಲ್ಲಿ ಜನಾಂಗದ ಕಾಲಂ ಇರುತ್ತದೆ. ನಮ್ಮವರು ಅನುಮಾನದಿಂದ ಖಾಲಿ ಬಿಡುತ್ತಾರೆ. ಬಿಡಬೇಡಿ, ಪಟ್ಟಿಯಲ್ಲಿ ತಾರತಮ್ಯ ನಡೆದಿದೆಯೇ ಎಂದು ಯಾರಾದರೂ ಮುಂದೆ ಪ್ರಶ್ನಿಸಿದರೆ ಲೆಕ್ಕ ಸಿಗುವುದು ಆ ಕಾಲಮಿನಿಂದಲೇ. ಇಂಗ್ಲಿಷ್ ಉಚ್ಚಾರದ ಬಗ್ಗೆ ಅಳುಕು ಬೇಡ. ಓದಲು, ಬರೆಯಲು, ಮಾತಾಡಲು, ಅರ್ಥ ಮಾಡಿಕೊಳ್ಳಲು ಬಂದರೆ ಸಾಕು. ಜ್ಯೂರಿಗೆ ಹೋದದ್ದಕ್ಕೆ ಕೆಲಸದಿಂದ ತೆಗೆಯುವುದನ್ನು, ಬೆದರಿಸುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಸಂಬಳ ಕೊಡಬೇಕೆಂಬ ಕಡ್ಡಾಯ ಆ ಕಾನೂನಿನಲ್ಲಿ ಇಲ್ಲ, ಆದರೆ ಎಷ್ಟೋ ಕಂಪನಿಗಳು ಕೊಡುತ್ತವೆ, ಎಚ್‌ಆರ್‌ನಲ್ಲಿ ಮೊದಲೇ ಕೇಳಿ. ದಿನಾಂಕ ಹೊಂದದಿದ್ದರೆ ಮುಂದೂಡಲು ಅರ್ಜಿ ಹಾಕಿ, ಸುಮ್ಮನೆ ಬಿಟ್ಟುಬಿಡಬೇಡಿ. ಹಿಂದಿನ ಸಂಜೆ ಫೋನಿನಲ್ಲೋ ವೆಬ್‌ಸೈಟಿನಲ್ಲೋ ನಿಮ್ಮ ಸಂಖ್ಯೆ ಹಾಕಿ ನಾಳೆ ಬರಬೇಕೇ ಎಂದು ನೋಡಿಕೊಳ್ಳಿ. ಎಷ್ಟೋ ಸಲ ಬೇಡ ಎಂದೇ ಬರುತ್ತದೆ.

ಗ್ರೀನ್ ಕಾರ್ಡ್, ಎಚ್-1ಬಿಯಲ್ಲಿರುವ ಓದುಗರಿಗೆ ಒಂದು ಮಾತು. ಲೈಸೆನ್ಸ್ ಪಟ್ಟಿಯಿಂದ ನಿಮಗೂ ಸಮನ್ಸ್ ಬರಬಹುದು. ನೀವು ಕೂರುವಂತಿಲ್ಲ. ಕಾಗದವನ್ನು ಕಸಕ್ಕೆ ಹಾಕದೆ, ಪೌರನಲ್ಲ ಎಂದು ಗುರುತು ಮಾಡಿ ವಾಪಸು ಕಳಿಸಿ. ತಪ್ಪಿಯೂ ‘ಹೌದು, ಪೌರ’ ಎಂಬ ಚೌಕಕ್ಕೆ ಟಿಕ್ ಹಾಕಬೇಡಿ. ಸುಳ್ಳು ಪೌರತ್ವದ ಹೇಳಿಕೆ ವಲಸೆ ಕಾನೂನಿನಲ್ಲಿ ತುಂಬ ದುಬಾರಿಯಾಗುತ್ತದೆ.

ಪ್ರಶ್ನೆಗಳಿಗೆ ಉತ್ತರಿಸುವಾಗ ನೀವು ಪ್ರಮಾಣ ಮಾಡಿರುತ್ತೀರಿ. ಪೊಲೀಸರ ಮಾತು ಬೇರೆಯವರ ಮಾತಿಗಿಂತ ಹೆಚ್ಚು ನಂಬುತ್ತೀರಾ ಎಂದು ಕೇಳುವುದು ರೂಢಿ. ಗಟ್ಟಿಯಾಗಿ ಯೋಚಿಸಿ ಇದ್ದದ್ದು ಇದ್ದ ಹಾಗೆ ಹೇಳಿ. ಕಪ್ಪು ಜನರ ಬೀದಿ ಅಪಾಯ ಎಂಬ ಮಾತು ನಮ್ಮ ಮನೆಯ ಊಟದ ಮೇಜಿನಲ್ಲೂ ಕೇಳಿಬರುತ್ತದೆ, ಅದು ನಿಮ್ಮೊಳಗೆ ಎಷ್ಟು ಇಳಿದಿದೆ ಎಂದು ನೀವೇ ನೋಡಿಕೊಳ್ಳಬೇಕು. ಎಲ್ಲರೆದುರು ಹೇಳಲು ಮುಜುಗರವಾದರೆ ನ್ಯಾಯಾಧೀಶರ ಹತ್ತಿರ ಹೋಗಿ ಮಾತಾಡಬೇಕು ಎಂದು ಕೇಳಬಹುದು. ಮಗಳ ಮಾತು ಕೇಳಿ ಯಾರನ್ನಾದರೂ ಬಿಡಿಸಿಯೇ ಬರುತ್ತೇನೆ ಎಂದು ಒಳಗೊಳಗೇ ನಿಶ್ಚಯಿಸಿ ಹೋಗುವುದೂ ತಪ್ಪೇ. ಬೇಕಾಗಿರುವುದು ಸರ್ಕಾರ ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದೆಯೇ ಎಂದು ಆರೋಪಿ ಯಾವ ಬಣ್ಣದವನಾದರೂ ಒಂದೇ ಕಟ್ಟುನಿಟ್ಟಿನಿಂದ ಕೇಳುವವರು.

ಸಾಕ್ಷ್ಯದಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ‘ಇವನನ್ನೇ ನೋಡಿದೆ’ ಎನ್ನುವ ಸಾಕ್ಷಿ. ಬೇರೆ ಜನಾಂಗದ ಮುಖ ಗುರುತಿಸುವಾಗ ಎಲ್ಲ ಜನಾಂಗದವರೂ ಹೆಚ್ಚು ಎಡವುತ್ತಾರೆ. ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿ ಎಂದು ಬಿಡುಗಡೆಯಾದವರ ಕೇಸುಗಳಲ್ಲಿ ಮೂರರಲ್ಲಿ ಎರಡರಷ್ಟು ಕಡೆ ಪ್ರತ್ಯಕ್ಷದರ್ಶಿ ತಪ್ಪು ಗುರುತಿಸಿದ್ದರು. ಎಷ್ಟು ದೂರದಿಂದ, ಎಷ್ಟು ಹೊತ್ತು, ಯಾವ ಬೆಳಕಿನಲ್ಲಿ, ಪೊಲೀಸರು ಒಂದೇ ಫೋಟೊ ತೋರಿಸಿದರೋ ಹಲವು ತೋರಿಸಿದರೋ ಎಂಬುದನ್ನು, ಬರೆದುಕೊಳ್ಳಲು ಬಿಟ್ಟರೆ, ಟಿಪ್ಪಣಿ ಮಾಡಿಕೊಳ್ಳಿ.

ಎರಡನೆಯದು ಆ 28 ಗ್ರಾಂ. ಕನಿಷ್ಠ ಶಿಕ್ಷೆಯನ್ನು ಏರಿಸುವ ಯಾವ ಸಂಗತಿಯನ್ನಾದರೂ ಜ್ಯೂರಿಯೇ ಸಾಬೀತಾಯಿತು ಎನ್ನಬೇಕು, 2013ರಿಂದ ಇದು ಸುಪ್ರೀಂ ಕೋರ್ಟಿನ ಕಟ್ಟಳೆ. ಹಾಗಾಗಿ ಕ್ರ್ಯಾಕ್ ಕೇಸಾದರೆ ತೀರ್ಪಿನ ನಮೂನೆಯಲ್ಲಿ ‘ದೋಷಿ’ ಎಂಬ ಸಾಲಿನ ಕೆಳಗೆ ತೂಕದ ಪ್ರಶ್ನೆಯೂ ಇರುತ್ತದೆ: 28 ಗ್ರಾಂ ಅಥವಾ ಹೆಚ್ಚೇ? 280 ಗ್ರಾಂ ಅಥವಾ ಹೆಚ್ಚೇ? ಮೊದಲ ಚೌಕ 5 ವರ್ಷ, ಎರಡನೆಯದು 10 ವರ್ಷ. ಆದರೆ ಯಾವ ಚೌಕಕ್ಕೆ ಎಷ್ಟು ವರ್ಷ ಎಂದು ನಿಮಗೆ ಹೇಳುವುದಿಲ್ಲ, ಶಿಕ್ಷೆಯ ಯೋಚನೆ ಮಾಡಬೇಡಿ ಎಂದೇ ಸೂಚನೆ. ‘ದೋಷಿ’ ಎಂದು ಬರೆದ ಮೇಲೆ ಹೊತ್ತು ಮೀರಿದೆ ಎಂದು ಈ ಸಾಲನ್ನು ಒಂದೇ ಉಸಿರಿಗೆ ತುಂಬಿಬಿಡುವ ಅವಸರ ಕೋಣೆಯಲ್ಲಿ ಹುಟ್ಟುತ್ತದೆ. ನಿಲ್ಲಿಸಿ. ಪ್ರಯೋಗಾಲಯದವರು ಯಾವ ಪೊಟ್ಟಣ ತೂಗಿದರು, ಮಾಹಿತಿದಾರನ ಬಾಯಿಮಾತಿನ ಲೆಕ್ಕ ಎಷ್ಟು ಎಂದು ಬೇರೆ ಬೇರೆ ಮಾಡಿ ಕೂಡಿಸಿ. ಶಿಕ್ಷೆ ಕಡಿಮೆಯಾಗಬಹುದೆಂಬ ಆಸೆಯಿಂದ ಸಾಕ್ಷಿ ಹೇಳುವ ಸಹ ಆರೋಪಿ ಸಂಖ್ಯೆಯನ್ನು ಉಬ್ಬಿಸುವುದು ಹೊಸದೇನಲ್ಲ. ಒಳಸಂಚಿನ ಆರೋಪವಿದ್ದರೆ ಇಡೀ ಗುಂಪು ಮಾರಿದ್ದನ್ನು ಒಬ್ಬನ ತಲೆಗೆ ಕಟ್ಟಬಹುದೇ ಎಂದು ಲಿಖಿತ ಸೂಚನೆಯಲ್ಲಿ ಓದಿ, ಸ್ಪಷ್ಟವಾಗದಿದ್ದರೆ ಚೀಟಿ ಬರೆದು ನ್ಯಾಯಾಧೀಶರನ್ನು ಕೇಳಿ.

ಒಳಗೆ ಹನ್ನೊಂದು ಮಂದಿ ಒಂದು ಕಡೆ, ನೀವೊಬ್ಬರೇ ಇನ್ನೊಂದು ಕಡೆಯಾದರೆ? ನಿಮ್ಮ ಮತ ಇಲ್ಲದೆ ತೀರ್ಪಿಲ್ಲ. ಇದರ ಬೆಲೆ ತಿಳಿಯಲು ಲೂಸಿಯಾನಾ ನೋಡಿ. 1898ರಲ್ಲಿ ಬಿಳಿಯರ ಆಳ್ವಿಕೆಯನ್ನು ಭದ್ರ ಮಾಡಲು ಸೇರಿದ್ದ ಸಂವಿಧಾನ ಸಭೆ, ಹನ್ನೆರಡರಲ್ಲಿ ಒಂಬತ್ತು ಮತ ಸಾಕು ಎಂದು ಬರೆಯಿತು. ಮುಂದೆ ಅದು ಹತ್ತಾಯಿತು. ಒಬ್ಬಿಬ್ಬರು ಕಪ್ಪು ಸದಸ್ಯರು ಕೂತರೂ ಅವರ ಮಾತು ಲೆಕ್ಕಕ್ಕೆ ಬರಬಾರದು ಎಂಬುದೇ ಉದ್ದೇಶ. ಅಂಥ ತೀರ್ಪು ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಏಪ್ರಿಲ್‌ನಲ್ಲಿ, ರಾಮೋಸ್ ಕೇಸಿನಲ್ಲಿ. ಹಾಗಾಗಿ ಮನೆಗೆ ಹೊತ್ತಾಯಿತು ಎಂದು ಕೈಯೆತ್ತಬೇಡಿ. ಬೇರೆಯವರ ವಾದ ಮನಸ್ಸಿಗೆ ಒಪ್ಪಿದರೆ ಬದಲಿಸಿ, ಒಪ್ಪದಿದ್ದರೆ ಹಿಡಿದ ಮಾತಿಗೆ ನಿಲ್ಲಿ.

ಚರ್ಚೆಯಲ್ಲಿ ಯಾರಾದರೂ ‘ಇವರ ಜನವೇ ಇಷ್ಟು’ ಎಂಬ ಧಾಟಿಯಲ್ಲಿ ಮಾತಾಡಿದರೆ ಅಲ್ಲೇ ತಡೆಯಿರಿ. ಆಡಿದ ಮಾತನ್ನು ಇದ್ದಂತೆಯೇ ಚೀಟಿಯಲ್ಲಿ ಬರೆದು ಕೋರ್ಟ್ ಸಿಬ್ಬಂದಿಯ ಮೂಲಕ ನ್ಯಾಯಾಧೀಶರಿಗೆ ಕಳಿಸಿ. ಎಷ್ಟು ಮತ ಯಾವ ಕಡೆ ಎಂದು ಮಾತ್ರ ಬರೆಯಬಾರದು. ಜ್ಯೂರಿ ಕೋಣೆಯ ಮಾತು ಹೊರಗೆ ಬರಬಾರದು ಎಂಬ ಹಳೆಯ ನಿಯಮಕ್ಕೆ ಇದೊಂದು ದೊಡ್ಡ ವಿನಾಯಿತಿ. ಕೊಲೊರಾಡೊದ ಪೆನ್ಯಾ ರೊಡ್ರಿಗಸ್ ಕೇಸಿನಲ್ಲಿ, ಆರೋಪಿ ಮೆಕ್ಸಿಕನ್ ಆದ್ದರಿಂದಲೇ ಮಾಡಿರುತ್ತಾನೆ ಎಂದು ಜ್ಯೂರಿ ಸದಸ್ಯನೊಬ್ಬ ಹೇಳಿದ್ದ. ತೀರ್ಪಾದ ಮೇಲೆ ಇಬ್ಬರು ಸದಸ್ಯರು ಹಿಂದೆ ಉಳಿದು ಆರೋಪಿ ಪರ ವಕೀಲರಿಗೆ ಅದನ್ನು ತಿಳಿಸಿದರು. ಅಂಥ ಹೇಳಿಕೆಯನ್ನು ಕೋರ್ಟ್ ಪರಿಗಣಿಸಲೇಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬಿಡುಗಡೆ ಮಾಡಿ ಕಳಿಸಿದ ಮೇಲೆ ಯಾರೊಂದಿಗೂ ಮಾತಾಡಲೇಬೇಕೆಂಬ ಕಟ್ಟುಪಾಡು ನಿಮಗಿಲ್ಲ. ಜನಾಂಗದ ಮಾತು ಕೇಳಿಯೂ ಒಳಗೆ ಸುಮ್ಮನಿದ್ದು ಬಂದಿದ್ದರೆ ಮಾತ್ರ ತಡಮಾಡಬೇಡಿ. ನ್ಯಾಯಾಧೀಶರು ಕೊಟ್ಟ ಸೂಚನೆಯನ್ನು ಒಮ್ಮೆ ನೋಡಿಕೊಂಡು ಕೋರ್ಟ್ ಕಚೇರಿಗೆ ತಿಳಿಸಿ. ಹೊಸ ವಿಚಾರಣೆ ಕೇಳಲು ಫೆಡರಲ್ ನಿಯಮದಲ್ಲಿ ಆರೋಪಿಗೆ ಸಾಮಾನ್ಯವಾಗಿ ಸಿಗುವುದು ತೀರ್ಪಿನ ದಿನದಿಂದ 14 ದಿನ.